ಎರಡು ಬೆರಳಿನ ಸಲಾಮು

"ಎರಡೇ ಬೆರಳು, ವಚನಾ. ನೆಲದ ಕಡೆ. ನಗಬಾರದು," ಎಂದ ಅಪ್ಪ.

ಗೋವಿಂದರಾಜನಗರದ ರಸ್ತೆಬದಿಯಲ್ಲಿ ಬೈಕು ನಿಲ್ಲಿಸಿ ಅವನು ಕನ್ನಡಿ ಒರೆಸುತ್ತಿದ್ದ. ವಚನಾ ಎಡಗೈಯನ್ನು ಸೊಂಟಕ್ಕಿಂತ ಕೆಳಗೆ ಚಾಚಿ, ಎರಡು ಬೆರಳು ಬಿಟ್ಟು, ಮುಖ ಬಿಗಿದುಕೊಂಡು ತೋರಿಸಿದಳು.

"ಹಾಂ, ಪರ್ಫೆಕ್ಟ್. ದೊಡ್ಡ ಬೈಕಿನವರಿಗೆ ಮಾತ್ರ ಕಣೇ. ಸ್ಕೂಟರಿನವರಿಗೆಲ್ಲ ಮಾಡೋಕೆ ಹೋಗ್ಬೇಡ. ಲೆವೆಲ್ ಹೋಗ್ಬಿಡುತ್ತೆ."

ಅಪ್ಪನ ಹೆಸರು ಬಸವಕುಮಾರ್. ವಾರದ ದಿನಗಳಲ್ಲಿ ಬ್ಯಾಂಕಿನ ಕೌಂಟರಿನಲ್ಲಿ ಕೂತು, ಬಂದವರಿಗೆಲ್ಲ ನಗುತ್ತ ನಮಸ್ಕಾರ ಹೇಳುವ ಮನುಷ್ಯ. ಭಾನುವಾರ ಮಾತ್ರ ಥಂಡರ್ ಟೈಗರ್ಸ್ ಎಂಬ ಬೈಕ್ ಕ್ಲಬ್ಬಿನ ಹುಲಿ. ಪೂರ್ತಿ ಹುಲಿಯೂ ಅಲ್ಲ, ಇನ್ನೂ ಟ್ರಯಲ್ ಮೆಂಬರ್. ಈ ಹುಲಿಗಳು ಪ್ರತಿ ಭಾನುವಾರ ಘರ್ಜಿಸುತ್ತ ಕೆಂಗೇರಿಯವರೆಗೆ ಹೋಗಿ, ಇಡ್ಲಿ ತಿಂದು, ಘರ್ಜಿಸುತ್ತ ವಾಪಸ್ ಬರುತ್ತಿದ್ದವು. ಇವತ್ತು ಪ್ರೆಸಿಡೆಂಟ್ ಜಂಬಣ್ಣ ಅಪ್ಪನ ಶಿಸ್ತು ನೋಡಿ, ಹುಲಿ ಚಿತ್ರದ ಜಾಕೆಟ್ ಕೊಡುವುದೋ ಬೇಡವೋ ಎಂದು ತೀರ್ಮಾನಿಸುವವರಿದ್ದರು. ಆ ಜಾಕೆಟ್ ಸಿಗಲಿ ಎಂದು ಅಪ್ಪನಷ್ಟೇ ಆಸೆ ವಚನಾಗೂ ಇತ್ತು.

ಬೈಕಿನವರು ದಾರಿಯಲ್ಲಿ ಒಬ್ಬರಿಗೊಬ್ಬರು ಮಾಡುವ ಈ ಸಲಾಮನ್ನು ಅಪ್ಪ ಕಲಿತದ್ದು ಫಾರಿನ್ ವಿಡಿಯೋ ನೋಡಿ. ಅಲ್ಲಿ ಗಾಡಿಗಳು ರಸ್ತೆಯ ಬಲಗಡೆ ಓಡುತ್ತವೆ. ಎಡಗೈ ಚಾಚಿದರೆ ಎದುರಿಂದ ಬರುವವರಿಗೆ ಕಾಣುತ್ತದೆ. ನಮ್ಮಲ್ಲಿ ಎಡಗೈ ಫುಟ್‌ಪಾತಿನ ಕಡೆ. ಹಾಗಾಗಿ ಅಪ್ಪನ ಸಲಾಮು ಹೆಚ್ಚಾಗಿ ಬೀದಿನಾಯಿಗಳಿಗೇ ಸಲ್ಲುತ್ತಿತ್ತು. ಎಡಗೈಯಲ್ಲಿ ಯಾರಾದರೂ ಮರ್ಯಾದೆ ಕೊಡುತ್ತಾರಾ ಎಂದು ಅಜ್ಜಿ ಬಸವ್ವ ಕೇಳಿದ್ದಕ್ಕೆ, ಇದು ಇಂಟರ್‌ನ್ಯಾಷನಲ್ ರೂಲ್ ಎಂದು ಅಪ್ಪ ಅವರ ಬಾಯಿ ಮುಚ್ಚಿಸಿದ್ದ.

"ಲೇಟಾಯ್ತು, ಹತ್ಕೋ ಹತ್ಕೋ," ಎಂದು ಅಪ್ಪ ಒರೆಸುವ ಬಟ್ಟೆಯನ್ನು ಜೇಬಿಗೆ ತುರುಕಿ ಬೈಕು ಹೊರಡಿಸಿದ. ಸದ್ದು ಜೋರಾಗಿ ಬರಲೆಂದೇ ಹೊಸ ಸೈಲೆನ್ಸರ್ ಹಾಕಿಸಿದ್ದ. ಬೈಕು ಓಡುವಾಗ ರಸ್ತೆಯಲ್ಲಿ ಯಾರು ಕೂಗಿದರೂ ಅವನಿಗೆ ಕೇಳಿಸುತ್ತಿರಲಿಲ್ಲ.

ಸ್ವಲ್ಪ ದೂರ ಹೋಗುವಷ್ಟರಲ್ಲಿ, ಎಡಗಡೆ ಮೊಪೆಡ್ಡಿನಲ್ಲಿ ಬರುತ್ತಿದ್ದ ತಾತನೊಬ್ಬ ಇವರನ್ನು ನೋಡಿ ಬೆರಳನ್ನು ಕೆಳಗೆ ಮಾಡಿದ. ವಚನಾಗೆ ಖುಷಿಯೋ ಖುಷಿ. ಅಪ್ಪನ ಹೆಲ್ಮೆಟ್ಟಿಗೆ ಬಾಯಿಟ್ಟು, ತಾತ ಸಲಾಮು ಮಾಡ್ತಾ ಇದಾರೆ ಎಂದು ಕೂಗಿದಳು.

"ಮೊಪೆಡ್ಡು. ನೋಡ್ಬೇಡ," ಎಂದ ಅಪ್ಪ.

ಆಮೇಲೆ ಹಸಿರು ಸೀರೆಯ ಆಂಟಿಯೊಬ್ಬರು ಸಿಕ್ಕಿದರು. ಸ್ಕೂಟರಿನಲ್ಲಿ ಸೊಪ್ಪಿನ ಚೀಲ ಇಟ್ಟುಕೊಂಡು ಹೋಗುತ್ತಿದ್ದ ಅವರೂ ಕೆಳಗೆ ಬೆರಳು ತೋರಿಸಿದರು. ಏನೋ ಕೂಗಿದರು ಕೂಡ. ಊರೆಲ್ಲ ತನ್ನನ್ನೇ ಗುರುತಿಸುತ್ತಿದೆ ಎಂದು ಅಪ್ಪ ಎದೆ ಸೆಟೆಸಿ, ಅವರತ್ತ ತಿರುಗದೆ ಮುಂದೆ ಸಾಗಿದ.

ವಿಜಯನಗರದ ಮಾರ್ಕೆಟ್ಟಿನ ಹತ್ತಿರ, ಎಡಗಡೆಯ ಅಡ್ಡರಸ್ತೆಯಿಂದ ಇನ್ನೊಂದು ಸ್ಕೂಟರ್ ಬಂತು. ತರಕಾರಿಗೆಂದು ಬಂದಿದ್ದ ಅಮ್ಮ! ಅವಳು ಹಾರನ್ ಒತ್ತುತ್ತ ಕೆಳಗೆ ಬೆರಳು ತೋರಿಸಿದಳು.

"ಅಪ್ಪ, ಅಮ್ಮ ಕಣಪ್ಪ."

"ನೋಡ್ದೆ. ಮನೇಲಿ ಮಾತಾಡ್ಸಿದ್ರಾಯ್ತು. ಕ್ಲಬ್ಬಿನವರು ಹಿಂದೇನೇ ಬರ್ತಾ ಇರ್ತಾರೆ."

ವಚನಾ ಅರ್ಧ ಎತ್ತಿದ್ದ ಕೈಯನ್ನು ಇಳಿಸಿಕೊಂಡಳು. ಸ್ವಂತ ಅಮ್ಮನನ್ನು ಕಂಡೂ ಕಾಣದ ಹಾಗೆ ಹೋಗುವುದು ಅವಳಿಗೆ ತುಂಬ ಕೆಟ್ಟದೆನಿಸಿತು. ಆದರೂ ಜಾಕೆಟ್ಟಿಗಾಗಿ ಮುಖ ಬಿಗಿದುಕೊಂಡು ಮುಂದೆ ನೋಡಿದಳು.

ನಾಗರಬಾವಿ ಕಡೆ ಹೋಗಲು ಅಪ್ಪ ಬೈಕನ್ನು ಎಡಕ್ಕೆ ವಾಲಿಸಿದ. ಕರ್ರ್ ಎಂದು ಕಬ್ಬಿಣ ಟಾರಿಗೆ ಉಜ್ಜಿತು. ಬೈಕು ಒಮ್ಮೆ ಕುಪ್ಪಳಿಸಿ, ಇಬ್ಬರನ್ನೂ ರಸ್ತೆಬದಿಯ ಮರಳಿನ ರಾಶಿಗೆ ಕೆಡವಿ, ತಾನೂ ಮಗ್ಗುಲಾಯಿತು. ಕನ್ನಡಿ ಒರೆಸುವಾಗ ಹಾಕಿದ್ದ ಸೈಡ್ ಸ್ಟ್ಯಾಂಡನ್ನು ಅಪ್ಪ ಎತ್ತಿರಲೇ ಇಲ್ಲ. ಅದು ಇನ್ನೂ ಹಾಗೆಯೇ ಚಾಚಿಕೊಂಡಿತ್ತು.

ಮೊದಲು ಓಡಿ ಬಂದವರು ಹಿಂದೆಯೇ ಸ್ಕೂಟರಿನಲ್ಲಿ ಬರುತ್ತಿದ್ದ ಹಸಿರು ಸೀರೆಯ ಆಂಟಿ. ವಚನಾಳನ್ನು ಎಬ್ಬಿಸಿ ಮರಳು ಕೊಡವಿದರು.

"ಅಲ್ಲ ಸಾರ್, ಸ್ಟ್ಯಾಂಡ್ ಸ್ಟ್ಯಾಂಡ್ ಅಂತ ಅಷ್ಟು ತೋರಿಸಿದ್ವಿ, ನೀವು ತಿರುಗೂ ನೋಡಲಿಲ್ಲ. ಮಗು ಕೂರಿಸ್ಕೊಂಡು ಹೀಗಾ ಹೋಗೋದು?"

ಅಷ್ಟರಲ್ಲಿ ಅಮ್ಮನೂ ಬಂದಳು. ವಚನಾಳ ಮೊಣಕೈ ತರಚಿತ್ತು, ಅಪ್ಪನ ಕಾಲು ಉಳುಕಿತ್ತು. ಅಮ್ಮ ಬೈಯಲಿಲ್ಲ. ಅದರಿಂದಲೇ ಅಪ್ಪನಿಗೆ ಹೆಚ್ಚು ಭಯವಾಯಿತು. ಅವಳು ಅವನ ಎಡಗೈಯನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು ನಿಧಾನವಾಗಿ ಎಬ್ಬಿಸಿದಳು.

ಆಗ ಹಿಂದಿನಿಂದ ಘರ್ಜನೆ ಕೇಳಿಸಿತು. ಜಂಬಣ್ಣ ಮುಂದೆ, ಉಳಿದ ಹುಲಿಗಳು ಹಿಂದೆ. ಬಿದ್ದ ಬೈಕನ್ನು ನೋಡಿದರು, ಕುಂಟುತ್ತಿದ್ದ ಅಪ್ಪನನ್ನು ನೋಡಿದರು. ನೋಡಿ, ಎಲ್ಲರೂ ಒಟ್ಟಿಗೆ, ಬಲು ಶಿಸ್ತಿನಿಂದ, ಎಡಗೈ ಚಾಚಿ ಎರಡು ಬೆರಳು ತೋರಿಸಿದರು. ಒಬ್ಬರೂ ಬೈಕು ನಿಲ್ಲಿಸಲಿಲ್ಲ. ಕೆಂಗೇರಿಯಲ್ಲಿ ಇಡ್ಲಿ ಆರಿಹೋಗುತ್ತಿತ್ತು.

ಸಲಾಮು ಮಾಡಬೇಕೆಂದರೆ ಅಪ್ಪ ಅಮ್ಮನ ಹೆಗಲಿನಿಂದ ಕೈ ತೆಗೆಯಬೇಕು. ತೆಗೆದರೆ ಬೀಳುತ್ತಾನೆ. ಅವನ ಬೆರಳುಗಳು ಒಮ್ಮೆ ಅಲುಗಾಡಿದವು. ಆಮೇಲೆ ಹೆಗಲನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡವು.

"ಆಗ ನಿನ್ನ ನೋಡ್ದೆ ಕಣೇ," ಎಂದು ಮೆಲ್ಲಗೆ ಹೇಳಿದ.

"ಗೊತ್ತು," ಎಂದಳು ಅಮ್ಮ.

ವಚನಾ ಹುಲಿಗಳ ಕಡೆ ಕೈ ಚಾಚಲಿಲ್ಲ. ಅವಳು ಆಂಟಿಯನ್ನು ನೋಡುತ್ತಿದ್ದಳು. ಅವರು ಸ್ಕೂಟರ್ ಸ್ಟಾರ್ಟ್ ಮಾಡಿ ಹೊರಟಿದ್ದರು. ಸೆರಗು ಹಿಂದಿನ ಚಕ್ರದ ಹತ್ತಿರ ಇಳಿಬಿದ್ದಿತ್ತು. ವಚನಾ ರಸ್ತೆಯಂಚಿಗೆ ಓಡಿ, ಉರಿಯುತ್ತಿದ್ದ ಕೈಯನ್ನೇ ಚಾಚಿ ಕೆಳಗೆ ತೋರಿಸಿದಳು.

"ಆಂಟಿ, ಸೆರಗು, ಸೆರಗು."

ಆಂಟಿ ನಿಲ್ಲಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅವಳತ್ತ ತಲೆಯಾಡಿಸಿ ಹೋದರು.