ನೀರಿನ ಮನೆಯ ಕಾಯಿ

"ಆಟಾ ನೋಡ್ರಿ, ಆಡಬ್ಯಾಡ್ರಿ. ಆಡಿದ್ರೂ ಕಾಯಿಗಿ ಯಾರ ಹೆಸರೂ ಇಡಬ್ಯಾಡ್ರಿ," ಎಂದಳು ಸಾತವ್ವ, ಹೊಸ್ತಿಲಲ್ಲೇ ದಾರಿಗೆ ಅಡ್ಡ ನಿಂತು.

ಕುನಾಲನಿಗೆ ನಗು ತಡೆಯಲಾಗಲಿಲ್ಲ. "ಯಾಕ್ರಿ ಆಯಿ, ಕಾಯಿ ಕಡೀತದೇನು?"

ಮನೆಗೆಲಸದ ಆ ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಪಕ್ಕಕ್ಕೆ ಸರಿದಳು. ಹೇಳಿದವರ ಮಾತು ಕೇಳುವ ಪೈಕಿಯವನಲ್ಲ ನಮ್ಮ ಕುನಾಲ. ಪುಣೆಯಲ್ಲಿ ಓದಿ, ಎರಡು ತಿಂಗಳ ಹಿಂದೆ ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಕೈಗಾರಿಕಾ ವಸಾಹತಿನ ಒಂದು ಟವೆಲ್ ಕಾರ್ಖಾನೆಗೆ ಡಿಸೈನರ್ ಆಗಿ ಸೇರಿದವನು. ಮೂರು ದಾರಿ ಕೂಡುವಲ್ಲಿ ಬಿದ್ದ ನಿಂಬೆಹಣ್ಣನ್ನು ಬೇಕೆಂದೇ ತುಳಿದು ಹೋಗುವುದು ಅವನಿಗೊಂದು ಶೋಕಿ. ಈಗ ಕಾರ್ಖಾನೆಗೆ ವಿದೇಶದ ಆರ್ಡರ್ ಬಂದಿತ್ತು. ಸೆನೆತ್ ಎಂಬ ಪ್ರಾಚೀನ ಈಜಿಪ್ಟಿನ ಆಟದ ಹಾಸನ್ನು ಬಟ್ಟೆಯಲ್ಲಿ ನೇಯ್ದು ಕೊಡಬೇಕು. ಹಾಸು ಬಿಡಿಸುವವನಿಗೆ ಆಟ ಗೊತ್ತಿರಬೇಡವೇ? ಮೈಂದರ್ಗಿಯ ಶಾಂತಲಿಂಗಪ್ಪನ ಬಳಿ ಆ ಆಟದ ಹಳೆಯ ಮಣೆಯೊಂದಿದೆ ಎಂದು ಯಾರೋ ಹೇಳಿದ್ದೇ ತಡ, ಬೈಕ್ ಹತ್ತಿ ಬಂದಿದ್ದ.

ಹೊರಗೆ ಮಟಮಟ ಮಧ್ಯಾಹ್ನ, ಒಳಗೆ ಕಾಲಿಟ್ಟರೆ ಕಗ್ಗತ್ತಲು. ಮೊಳದಗಲದ ಮಣ್ಣಿನ ಗೋಡೆಗೆ ಕಿಟಕಿಯೇ ಇರಲಿಲ್ಲ. ಮಾಳಿಗೆಯ ಬೆಳಕಿಂಡಿಯನ್ನೂ ತಗಡಿನಿಂದ ಮುಚ್ಚಿದ್ದರು. ಕರ್ಪೂರದ ವಾಸನೆ, ಹರಳೆಣ್ಣೆಯ ವಾಸನೆ, ಅವೆರಡರ ಅಡಿಯಲ್ಲಿ ಬಹಳ ದಿನ ಮಲಗಿದ ಮೈಯ ಹುಣ್ಣಿನ ನಾತ. ಒಳಕೋಣೆಯಿಂದ ಉಸಿರಿನ ಸದ್ದು ಬರುತ್ತಿತ್ತು. ಪ್ರತಿ ಉಸಿರಿಗೂ ಗಂಟಲಲ್ಲಿ ನೀರು ಗುಳುಗುಳು ಎನ್ನುತ್ತಿತ್ತು.

"ನಮ್ಮಾಕಿ, ಶಾರದಾಬಾಯಿ," ಎಂದ ಶಾಂತಲಿಂಗಪ್ಪ, ದೀಪದ ಕುಡಿ ಏರಿಸುತ್ತ. "ಒಂಬತ್ತ ವರ್ಷಾತು. ಸಾಯೂದೂ ಇಲ್ಲ, ಏಳೂದೂ ಇಲ್ಲ."

ಒಂದು ಕಾಲಕ್ಕೆ ಸೊಲ್ಲಾಪುರದ ಮಿಲ್ಲಿಗೆ ಹತ್ತಿ ಆರಿಸಿ ಖರೀದಿಸುತ್ತಿದ್ದವನು ಆತ. ಹತ್ತಿ ನೋಡಲು ಈಜಿಪ್ಟಿಗೆ ಹೋದಾಗ ತಂದ ಮಣೆಯಂತೆ. ಮೂರು ಸಾಲು, ಸಾಲಿಗೆ ಹತ್ತು ಮನೆ. ಕಾಯಿ ನೇಗಿಲು ಹೊಡೆದ ಹಾಗೆ ಒಂದು ಸಾಲು ಅತ್ತ, ಒಂದು ಸಾಲು ಇತ್ತ ನಡೆಯಬೇಕು. ದಾಳದ ಬದಲು ನಾಲ್ಕು ಸೀಳುಕಡ್ಡಿ, ಒಂದು ಮೈ ಬಿಳಿ, ಒಂದು ಮೈ ಕಪ್ಪು. ಬಿಳಿ ಮೈ ಎಷ್ಟು ಮೇಲೆ ಬಿದ್ದವೋ ಅಷ್ಟು ಮನೆ. ನಾಲ್ಕೂ ಕಪ್ಪು ಬಿದ್ದರೆ ಐದು. ಇಪ್ಪತ್ತಾರನೆಯದು ಚಂದದ ಮನೆ, ಅಲ್ಲಿ ಪ್ರತಿ ಕಾಯಿಯೂ ನಿಲ್ಲಲೇಬೇಕು. ಇಪ್ಪತ್ತೇಳನೆಯದು ನೀರಿನ ಮನೆ, ಅಲ್ಲಿ ಬಿದ್ದ ಕಾಯಿ ಮುಳುಗಿದ ಹಾಗೆ. ಅದರಲ್ಲಿ ಆಗಲೇ ಒಂದು ಕಪ್ಪು ಕಾಯಿ ಕೂತಿತ್ತು.

"ಚೌಕಾಬಾರಾದಾಗ ಕಾಯಿ ಕಡೀತೀವಿ. ಇಲ್ಲಿ ಕಡ್ಯೂದಿಲ್ಲ," ಎಂದ ಮುದುಕ. "ಒಂದರ ಮ್ಯಾಲ ಒಂದು ಬಂದ್ರ ಎರಡೂ ಜಾಗಾ ಬದಲ."

"ಈ ಕರೀ ಕಾಯಿ ಯಾರದ್ರಿ ಅಜ್ಜಾರ?"

"ನಂದ. ಅಲ್ಲೇ ಇರಲಿ. ಕಲಿಯಾಕ ನಿಮಗ ಒಂದ ಕಾಯಿ ಸಾಕು." ಮುದುಕ ಹಲ್ಲಿಲ್ಲದ ಬಾಯಿಂದ ನಕ್ಕ. "ಕಾಯಿಗಿ ಹೆಸರ ಬೇಕ್ರಿ. ಹೊಸದಾಗಿ ಮದಿವಿ ಆಗೇದಂತಲ್ಲ? ಒಡಪ ಹಾಕ್ರಿ. ಹೆಣತಿ ಹೆಸರ ಕೇಳೂಣು."

ಅಡುಗೆಮನೆಯಲ್ಲಿ ಸಾತವ್ವನ ಕೈಯಿಂದ ಪಾತ್ರೆ ಜಾರಿ ಬಿತ್ತು. ಕುನಾಲ ತಿರುಗಿಯೂ ನೋಡಲಿಲ್ಲ. ಮದುವೆಯ ದಿನ ಬಳಗದವರೆಲ್ಲ ಬಾಗಿಲು ಕಟ್ಟಿ ನಿಂತು ಹೆಸರು ಹೇಳಿಸಿದ್ದು ನೆನಪಾಗಿ ಮುಖ ಅರಳಿತು. ಕಾಯಿಯನ್ನು ಮೊದಲ ಮನೆಗಿಟ್ಟು ರಾಗ ಎಳೆದ:

"ಕಡಕ ರೊಟ್ಟಿಗಿ ಶೇಂಗಾ ಹಿಂಡಿ, ಮ್ಯಾಲ ಒಂಚೂರು ತುಪ್ಪ, ಪೂನಮ ಎದುರು ಕುಂತರ ಸಾಕು, ಉಪ್ಪಿಲ್ಲದೂಟಾನೂ ಒಪ್ಪ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಳಗಿನ ಗುಳುಗುಳು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಆಟ ಸಲೀಸಾಗಿ ಸಾಗಿತು. ತನ್ನ ಸರದಿ ಬಂದರೂ ಮುದುಕ ಕಡ್ಡಿ ಮುಟ್ಟುತ್ತಿರಲಿಲ್ಲ. ಕುನಾಲನ ಬೆರಳುಗಳನ್ನೇ ನೋಡುತ್ತ ತುಟಿ ನೆಕ್ಕಿಕೊಳ್ಳುತ್ತಿದ್ದ. ಕಾಯಿ ಚಂದದ ಮನೆಗೆ ಬಂದು ನಿಂತಿತು.

"ಒಂದ ಬಿಟ್ಟು ಏನ ಬಿದ್ರೂ ದಾಟಿದ್ರಿ," ಎಂದ ಮುದುಕ.

ಕುನಾಲ ಎಸೆದ. ಒಂದು ಕಡ್ಡಿ ಕಪ್ಪು. ಎರಡನೆಯದು ಕಪ್ಪು. ಮೂರನೆಯದೂ ಕಪ್ಪು. ನಾಲ್ಕನೆಯದು ತಿರುಗಿತು. ತಿರುಗುತ್ತಲೇ ಇತ್ತು. ಬಿತ್ತು. ಬಿಳಿ.

"ಒಂದು!" ಮುದುಕ ಕಿರುಚಿದ. ತಾನೇ ಕೈ ಚಾಚಿ ಎರಡೂ ಕಾಯಿಗಳನ್ನು ಅದಲುಬದಲು ಮಾಡಿ, ತನ್ನ ಕಪ್ಪು ಕಾಯಿಯನ್ನು ಮಣೆಯಿಂದ ಎತ್ತಿಕೊಂಡ.

ಗುಳುಗುಳು ನಿಂತಿತು. ಒಳಕೋಣೆಯಲ್ಲಿ ಮಂಚ ಕಿರುಗುಟ್ಟಿತು. ನೆಲಕ್ಕೆ ಪಾದ ಊರಿದ ಸದ್ದು. ಒಂಬತ್ತು ವರ್ಷ ಮಾತಾಡದ ಗಂಟಲೊಂದು, "ಸಾತವ್ವಾ, ಚಾ ಕೊಡವಾ," ಎಂದಿತು.

ಅಷ್ಟರಲ್ಲಿ ಕುನಾಲನ ಮೊಬೈಲ್ ಬಡಿದುಕೊಂಡಿತು. ಸೊಲ್ಲಾಪುರದ ಮನೆಯಿಂದ ಅವ್ವ.

"ಕುನಾಲಾ, ಪೂನಮ ಅಡಗಿಮನ್ಯಾಗ ಬಿದ್ದಾಳೋ! ಕಣ್ಣ ತೆರದಾಳ, ಮಾತಾಡವಲ್ಲಳು. ಗಂಟಲದಾಗ ನೀರ ಗುಳುಗುಳು ಅನ್ನಾಕತ್ತೇದ. ಲಗೂನ ಬಾರೋ!"

ಕುನಾಲ ಮುದುಕನ ಕೊರಳಪಟ್ಟಿ ಹಿಡಿದ. "ತೆಗಿ! ಆ ಕಾಯಿ ತೆಗಿ!"

"ತೆಗ್ಯಾಕ ಬರೂದಿಲ್ಲ ತಮ್ಮಾ. ನಾನೂ ಹಿಂಗ ನಗನಗತಾ ಆಕಿ ಹೆಸರ ಹೇಳಿದ್ನಿ," ಎಂದ ಮುದುಕ, ಬಿಡಿಸಿಕೊಳ್ಳದೆ. "ಮತ್ತೊಂದ ಕಾಯಿ ಇಡು. ಅದು ನೀರಿಗಿ ಬಿದ್ರ ಇದು ಮ್ಯಾಲ ಬರತದ."

ಕುನಾಲ ಇನ್ನೊಂದು ಕಾಯಿ ಇಟ್ಟ. ದಿನಾ ಬೈಯುವ ಮ್ಯಾನೇಜರನ ಹೆಸರು ಕೂಗಿದ. ಕಡ್ಡಿ ಎಸೆದ. ಮೂರು ಬಿತ್ತು. ಕಾಯಿ ತಳ್ಳಿದ. ಮೊಳೆ ಹೊಡೆದಂತೆ ನಿಂತಿತ್ತು. ಎರಡು ಕೈಯಲ್ಲಿ ನೂಕಿದ. ಅಲುಗಲಿಲ್ಲ.

"ಬ್ಯಾಡಾದವರ ಹೆಸರಿಗಿ ಸರ್ಯೂದಿಲ್ಲ. ಬೇಕಾದವರ ಹೆಸರ ಇಡಬೇಕು." ಮುದುಕ ತಲೆ ತಗ್ಗಿಸಿದ. "ನಿನ್ನ ಹೆಸರೂ ನಡೀತದ. ನನ್ನದೂ ನಡೀತಿತ್ತು. ಒಂಬತ್ತ ವರ್ಷ ನಾ ಹೇಳಲಿಲ್ಲ."

ಒಳಬಾಗಿಲ ಚೌಕಟ್ಟು ಹಿಡಿದು, ಎಲುಬಿನ ಗೂಡಾದ ಶಾರದಾಬಾಯಿ ನಿಂತಿದ್ದಳು. ಅವಳು ಅದನ್ನು ಕೇಳಿಸಿಕೊಂಡಳು. ಗಂಡನನ್ನೇ ನೋಡುತ್ತ ಹಾಗೇ ಕೆಳಗೆ ಕುಸಿದು ಕೂತಳು.

ಕುನಾಲ ಬಾಯಿ ತೆರೆದ. ತನ್ನ ಹೆಸರು ನಾಲಿಗೆಯ ತುದಿಗೆ ಬಂತು. ಅಲ್ಲೇ ನಿಂತಿತು. ಹಿಂಡಿ ರೊಟ್ಟಿ ಬಡಿಸುವ ಪೂನಮಳ ಕೈ ಕಣ್ಣಿಗೆ ಕಟ್ಟಿತು. ಆದರೂ ಆ ಹೆಸರು ಹೊರಬೀಳಲಿಲ್ಲ. ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡ ಮೊಬೈಲಿನಲ್ಲಿ ಅವ್ವ ಇನ್ನೂ ಅಳುತ್ತಿದ್ದಳು. ಇಪ್ಪತ್ತು ವರ್ಷ ಬೀಡಿ ಸುತ್ತಿ, ತಂಬಾಕಿನ ಧೂಳಿಗೆ ಎದೆ ಒಡ್ಡಿ ಅವನನ್ನು ಪುಣೆಗೆ ಕಳಿಸಿದ ಅವ್ವ.

"ಚಂದ್ರಭಾಗಾ," ಎಂದ ಕುನಾಲ.

ಹುಟ್ಟಿದಾಗಿನಿಂದ ಮಗ ಅವಳನ್ನು ಹೆಸರು ಹಿಡಿದು ಕರೆದಿರಲಿಲ್ಲ. ಗಾಬರಿಯಲ್ಲಿ ಅವಳಿಗದು ತಿಳಿಯಲೂ ಇಲ್ಲ. "ಹೂಂ, ಹೇಳೋ ನನ ಕಂದಾ," ಎಂದಳು.

ಕಾಯಿ ಬೆರಳು ತಾಗುವ ಮುಂಚೆಯೇ ಸರಿಯಿತು.

ಆಮೇಲೆ ಅವನು ನಿಲ್ಲಲಿಲ್ಲ. ಎಸೆದ. ಸರಿಸಿದ. ಎಸೆದ. ಸರಿಸಿದ. ಕಿವಿಯ ಹತ್ತಿರ ಅವ್ವ, "ಯಾಕೋ ಸುಮ್ಮನದಿ? ಬರಾಕತ್ತಿ ಹೌದಿಲ್ಲ?" ಎನ್ನುತ್ತಲೇ ಇದ್ದಳು. ಕಾಯಿ ಚಂದದ ಮನೆಗೆ ಬಂತು. ಕುನಾಲ ನಾಲ್ಕೂ ಕಡ್ಡಿಗಳನ್ನು ಮುಷ್ಟಿಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡ. ಒಂದೇ ಬೀಳಲಿ ದೇವರೇ, ಒಂದೇ ಬೀಳಲಿ ಎಂದು ಜೀವನದಲ್ಲಿ ಮೊದಲ ಸಲ ಬೇಡಿಕೊಂಡ.