ನಿದ್ದೆ ತಂದ ತಗರ

ಬಹಳ ಹಿಂದೆ, ಮೋಡಗಳು ನೆಲಕ್ಕಿಳಿದು ನೀರು ಕುಡಿಯುತ್ತಿದ್ದ ಕಾಲದಲ್ಲಿ, ಸೋಗಲಾಪುರವೆಂಬ ರಾಜ್ಯವಿತ್ತು. ವಕ್ರದಂತನೆಂಬ ಮಾಂತ್ರಿಕ ಆ ರಾಜ್ಯವನ್ನೇ ಕೇಳಿದ. ರಾಜ ಕೊಡಲಿಲ್ಲ. ಸಿಟ್ಟಿಗೆದ್ದ ಮಾಂತ್ರಿಕ ರಾಜ್ಯದವರೆಲ್ಲರ ನಿದ್ದೆಯನ್ನು ಸೆಳೆದು ತಾಮ್ರದ ಗಡಿಗೆಯಲ್ಲಿ ತುಂಬಿಟ್ಟ.

ಕೂಸುಗಳು ಅತ್ತೂ ಅತ್ತೂ ದನಿ ಕಳೆದುಕೊಂಡವು. ರಾಣಿ ದಿನೇದಿನೇ ಸೊರಗಿದಳು.

"ತಗರದ ಬೇರಿನ ಕಷಾಯ ಕುಡಿಸಿದರೆ ನಿದ್ದೆ ಬಂದೀತು ತಾಯಿ. ಆದರೆ ಅದು ಹುಲಿಬೆಟ್ಟದ ಮೇಲಷ್ಟೇ ಇದೆ" ಎಂದು ಅರಮನೆಯ ವೈದ್ಯರು ರಾಜಕುಮಾರಿ ಪದ್ಮಲೆಗೆ ಹೇಳಿದರು.

ಪದ್ಮಲೆ ಒಬ್ಬಳೇ ಬೆಟ್ಟ ಹತ್ತಿದಳು. ತುದಿಯಲ್ಲಿ ಬಿಳಿಹುಲಿ ಅಡ್ಡ ನಿಂತಿತು.

"ಹುಲಿಯಣ್ಣಾ, ಅಮ್ಮನಿಗಾಗಿ ಬೇರು ಬೇಕು."

"ಬೇರು ಕಿತ್ತರೆ ಬೆಟ್ಟ ಬೋಳಾಗುತ್ತೆ. ಬೀಜ ಕೊಡ್ತೀನಿ, ನೀನೇ ಬೆಳೀತೀಯಾ?"

ಪದ್ಮಲೆ ಅರಮನೆಯ ಕಡೆಗೆ ತಿರುಗಿ ನೋಡಿದಳು. ಬೆಳೆಯುವ ತನಕ ಅಮ್ಮ ಉಳಿದಾಳೇ? ಆದರೂ, "ಬೆಳೀತೀನಣ್ಣ" ಎಂದಳು.

ಕೆರೆಯ ಪಕ್ಕದ ತೇವದ ನೆಲದಲ್ಲಿ ಬೀಜ ಬಿತ್ತಿದಳು. ಮಾಂತ್ರಿಕ ಬೆಂಕಿಗಾಳಿ ಕಳಿಸಿದ. ಅವಳು ಕೊಡದ ಮೇಲೆ ಕೊಡ ನೀರು ಹೊತ್ತಳು. ಹೆಗಲು ಬೊಬ್ಬೆಯೆದ್ದರೂ ಬಿಡಲಿಲ್ಲ. ಸಸಿಗಳು ಆಳೆತ್ತರ ಬೆಳೆದು, ನಸುಗೆಂಪು ಹೂಗಳ ಗೊಂಚಲು ಬಿಟ್ಟವು. ಬೇರು ಬಲಿಯುವುದೊಂದೇ ಬಾಕಿ ಇತ್ತು.

ಮಾಂತ್ರಿಕ ವಿಷದ ಹೊಗೆ ಕಳಿಸಿದ. ಪದ್ಮಲೆ ಸೆರಗು ಬೀಸಿ ಬೀಸಿ ಸೋತಳು. ಆಗ ಹೂವಿನ ಘಮಕ್ಕೆ ಏಳು ಕಾಡುಗಳ ಜೇನುಹುಳುಗಳು ಹಾರಿ ಬಂದವು. ಆಕಾಶ ಬಂಗಾರದ ಬಣ್ಣಕ್ಕೆ ತಿರುಗಿತು. ಅವುಗಳ ರೆಕ್ಕೆಯ ಗಾಳಿಗೆ ಹೊಗೆ ಬೆಟ್ಟದಾಚೆಗೆ ಓಡಿತು. ಪದ್ಮಲೆ ಕೈಮುಗಿದು ನೋಡುತ್ತ ನಿಂತಳು.

ಕೊನೆಗೆ ವಕ್ರದಂತನೇ ಗಡಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಬಂದ. ಕದ್ದದ್ದನ್ನು ಕಾಯುತ್ತ ಅವನೂ ಕಣ್ಣು ಮುಚ್ಚಿರಲಿಲ್ಲ.

"ಒಂದು ಗಿಡವನ್ನೂ ಉಳಿಸೋದಿಲ್ಲ!"

"ಬೇಡಯ್ಯಾ, ಮುಟ್ಟಬೇಡ!"

ಅವನು ಕೇಳಲಿಲ್ಲ. ಬುಡಸಮೇತ ಒಂದು ಗಿಡ ಕಿತ್ತ. ಬೇರಿನ ಘಾಟು ಮೂಗಿಗೆ ಬಡಿಯಿತು. ಆಕಳಿಸಿದ, ತೂಗಾಡಿದ, ದೊಪ್ಪನೆ ಬಿದ್ದ. ಗಡಿಗೆ ಒಡೆಯಿತು. ನಿದ್ದೆಯೆಲ್ಲ ಬೆಚ್ಚನೆಯ ಮಂಜಾಗಿ ಹರಿದು ಊರೂರಿಗೆ ನುಗ್ಗಿತು. ಬೀದಿಯಲ್ಲಿದ್ದವರು ಬೀದಿಯಲ್ಲೇ ಮಲಗಿದರು, ಸಿಂಹಾಸನದಲ್ಲಿದ್ದ ರಾಜ ಸಿಂಹಾಸನದಲ್ಲೇ ಗೊರಕೆ ಹೊಡೆದ.

ಪದ್ಮಲೆ ಅರಮನೆಗೆ ಓಡಿದಳು. ಅಮ್ಮನ ರೆಪ್ಪೆಗಳು ಮುಚ್ಚಿದ್ದವು, ಉಸಿರು ನಿರಾಳವಾಗಿ ಆಡುತ್ತಿತ್ತು. ಅವಳು ಅಮ್ಮನ ಮಗ್ಗುಲಲ್ಲೇ ಒರಗಿ ಕಣ್ಣು ಮುಚ್ಚಿದಳು.

ಎಚ್ಚೆತ್ತಾಗ ವಕ್ರದಂತನಿಗೆ ಒಂದು ಮಂತ್ರವೂ ನೆನಪಿರಲಿಲ್ಲ. ಜೇನುಹುಳುಗಳ ಮೊರೆತ ಕೇಳುತ್ತ ತೋಟದಲ್ಲೇ ಉಳಿದು ಗಿಡಗಳಿಗೆ ನೀರೆರೆದ. ಸೋಗಲಾಪುರದ ಮನೆಮನೆಯ ಹಿತ್ತಿಲಲ್ಲೂ ತಗರ ಹೂಬಿಟ್ಟಿತು, ಅಲ್ಲಿಯವರು ನಿದ್ದೆಗೂ ನಗುವಿಗೂ ಕೊರತೆಯಿಲ್ಲದೆ ಬಾಳಿದರು.