ಓಟಿಲೀಯ ಹಿಮ್ಮಡಿ

ನಮ್ಮ ಓಟಿಲೀ ಸಂಗೀತಕ್ಕೆ ಕುಣಿದವಳಲ್ಲ. ಅವಳು ಕುಣಿಯುತ್ತಿದ್ದಳು, ನಾನು ಅವಳ ಬರಿಗಾಲಿನ ಹಿಮ್ಮಡಿ ನೋಡಿಕೊಂಡು ಜಾಗಟೆ ಬಾರಿಸುತ್ತಿದ್ದೆ. ಡ್ರೆಸ್ಡೆನ್ನಿನ ಜನ ಮೊದಮೊದಲು, "ಇದೇನು ಕುಣಿತಾನೋ ಹೊಟ್ಟೆನೋವೋ?" ಎಂದು ನಕ್ಕರು, ಆಮೇಲೆ ಅವರೇ ಟಿಕೇಟಿಗೆ ಬಡಿದಾಡಿದರು. ನಾನು ಅಪ್ಪಿತಪ್ಪಿ ತಲೆಯೆತ್ತಿದರೆ, "ನನ್ನ ಮುಖಕ್ಕೆ ತಾಳ ಗೊತ್ತಿಲ್ಲ ಕಣೋ ಆಲ್ಬಿನ್, ಕಾಲು ನೋಡು" ಎಂದು ರೇಗಿಸುವಳು.

ಅವಳು ತೀರಿಕೊಂಡ ಚಳಿಗಾಲದಲ್ಲೇ ಒಂದು ಮಧ್ಯಾಹ್ನ, ಅವಳ ನೃತ್ಯಶಾಲೆಯಲ್ಲಿ, ಶಿಷ್ಯೆ ಲೀಸ್ಬೆತ್ ಗುರುವಿನ ನೃತ್ಯವನ್ನು ಅಭ್ಯಾಸ ಮಾಡಿದಳು. ನಾನು ಎಂದಿನಂತೆ ತಲೆ ಬಗ್ಗಿಸಿ, ಹಿಮ್ಮಡಿ ನೋಡುತ್ತ ಬಾರಿಸಿದೆ. ನಡುವೆ ಎಲ್ಲಿಂದಲೋ ಓಟಿಲೀ ಪಾದಕ್ಕೆ ತಿಕ್ಕಿಕೊಳ್ಳುತ್ತಿದ್ದ ಕರ್ಪೂರದೆಣ್ಣೆಯ ವಾಸನೆ ಬಂತು. ಒಲೆ ಹಚ್ಚದ ಆ ಕೋಣೆಯಲ್ಲಿ ಜಾಗಟೆ ಮಾತ್ರ ಕೈಗೆ ಬೆಚ್ಚಗೆ ತಗುಲಿತು.

ಮುಗಿದ ಮೇಲೆ ಲೀಸ್ಬೆತ್ ಮುಖ ಊದಿಸಿಕೊಂಡಳು. "ಏನ್ ಮಾಮಾ, ನಾನು ಹೆಜ್ಜೆ ಮರೆತು ನಡುವೆ ಸುಮ್ನೆ ನಿಂತುಬಿಟ್ಟೆ. ನೀವು ಬಾರಿಸ್ತಾನೇ ಇದ್ರಲ್ಲ!"

"ಎಲ್ಲಿ ನಿಂತೆಯೇ? ಬರಿಗಾಲಿನ ಹಿಮ್ಮಡಿ ಕಣ್ಣೆದುರಿಗೇ ಕುಣೀತಿತ್ತು."

ಹುಡುಗಿ ಲಂಗದ ಅಂಚನ್ನು ಮೆಲ್ಲಗೆ ಮೇಲೆತ್ತಿದಳು. ಚಳಿಗೆಂದು ಬೆಳಗ್ಗೆಯೇ ಹಾಕಿಕೊಂಡ ಕಪ್ಪು ಉಣ್ಣೆಯ ಕಾಲುಚೀಲವನ್ನು ಅವಳಿನ್ನೂ ತೆಗೆದೇ ಇರಲಿಲ್ಲ.